ವಾಸ ಬದಲಾವಣೆ ಮತ್ತು ವಿದೇಶಿ ನೋಂದಣಿಯ ಕಾರು

ಹೊರದೇಶದಲ್ಲಿ ನೆಲೆಸಿದ್ದವರು ಕಾಯಂ ಆಗಿ ಸ್ವದೇಶಕ್ಕೆ ಮರಳುವಾಗ ಅಲ್ಲಿ ಬಳಸುತ್ತಿದ್ದ ಕಾರನ್ನೂ ಜೊತೆಗೆ ತರುವ ಕ್ರಮ. ಮೇಲುನೋಟಕ್ಕೆ ಇದು ಮನೆ ಸಾಗಿಸುವ ಕೆಲಸದ ಒಂದು ಭಾಗ. ಕಾನೂನಿನ ಪ್ರಕಾರ ಮಾತ್ರ ಮೂರು ಬೇರೆ ಬೇರೆ ವ್ಯವಸ್ಥೆಗಳ ಒಪ್ಪಿಗೆ ಬೇಕು. ಗಡಿಯಲ್ಲಿ ಕಸ್ಟಮ್ಸ್ ಇಲಾಖೆ ಸುಂಕ ನಿಗದಿ ಮಾಡುತ್ತದೆ. ಪರೀಕ್ಷಾ ಸಂಸ್ಥೆ ಆ ಕಾರು ಇಲ್ಲಿನ ರಸ್ತೆಗೆ ತಕ್ಕುದೇ ಎಂದು ನೋಡುತ್ತದೆ. ಸಾರಿಗೆ ಇಲಾಖೆ ಹೊಸ ನಂಬರು ಕೊಟ್ಟು ರಸ್ತೆ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ಒಂದು ಕಡೆ ಸಿಕ್ಕ ರಿಯಾಯಿತಿ ಇನ್ನೊಂದು ಕಡೆ ನಡೆಯುವುದಿಲ್ಲ. ಸುಂಕ ಪೂರ್ತಿ ಮಾಫಿಯಾದ ಕಾರು ಹೆಡ್‌ಲೈಟ್ ಸರಿಯಿಲ್ಲವೆಂದು ನೋಂದಣಿಯಾಗದೆ ನಿಲ್ಲಬಹುದು.

ಈ ನಿಯಮಗಳು ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತವೆ. ಬಳಸಿದ ಕಾರನ್ನು ಮಂಚ, ಕಪಾಟು, ಪಾತ್ರೆಗಳಂತೆ ಮನೆಸಾಮಾನೆಂದು ಎಣಿಸಬೇಕೆ, ಮಾರುಕಟ್ಟೆಗೆ ಬರುವ ಸರಕೆಂದು ಎಣಿಸಬೇಕೆ ಎಂಬ ಪ್ರಶ್ನೆಗೆ ಪ್ರತಿ ದೇಶವೂ ಕೊಟ್ಟುಕೊಂಡಿರುವ ಉತ್ತರದಿಂದ ಉಳಿದೆಲ್ಲವೂ ತೀರ್ಮಾನವಾಗುತ್ತದೆ. ಯುರೋಪಿಯನ್ ಒಕ್ಕೂಟ ಮತ್ತು ಬ್ರಿಟನ್ ಅದನ್ನು ಮನೆಸಾಮಾನೆಂದು ಒಪ್ಪುತ್ತವೆ. ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಸುಂಕಕ್ಕಿಂತ ಸುರಕ್ಷತಾ ಮಾನದಂಡದ್ದೇ ಮೇಲುಗೈ. ಭಾರತದ ಕಾನೂನು ಕಾರನ್ನು ಪ್ರಯಾಣಿಕರ ಸಾಮಾನಿನ ಪಟ್ಟಿಯಿಂದ ನೇರವಾಗಿ ಹೊರಗಿಟ್ಟಿದೆ.

ಹಿನ್ನೆಲೆ

ಮೋಟಾರು ವಾಹನಗಳು ಗಡಿ ದಾಟತೊಡಗಿದ ಆರಂಭದ ವರ್ಷಗಳಲ್ಲೇ ದೇಶಗಳ ನಡುವೆ ಒಪ್ಪಂದದ ಅಗತ್ಯ ಕಂಡಿತು. 1909ರಲ್ಲಿ ಪ್ಯಾರಿಸ್‌ನಲ್ಲಿ ಆದ ಒಪ್ಪಂದ ಹೊರದೇಶದ ವಾಹನಗಳ ಓಡಾಟಕ್ಕೆ ಸಮಾನ ಕ್ರಮವನ್ನು ರೂಪಿಸಿತು. ವಾಹನ ಯಾವ ದೇಶದ್ದೆಂದು ತಿಳಿಸುವ ಅಂಡಾಕಾರದ ಫಲಕವೂ ಅದರೊಂದಿಗೇ ಬಂತು. ಭಾರತದ ವಾಹನ ಹೊರದೇಶಕ್ಕೆ ಹೋದಾಗ ಹಾಕಿಕೊಳ್ಳುವ ‘ಐಎನ್‌ಡಿ’ ಅಕ್ಷರಗಳು ಇದೇ ಪದ್ಧತಿಯವು. ಮುಂದೆ 1949ರ ಜಿನೀವಾ ಒಪ್ಪಂದ ಮತ್ತು 1968ರ ವಿಯೆನ್ನಾ ಒಪ್ಪಂದಗಳು ರಸ್ತೆ ಸಂಚಾರದ ನಿಯಮಗಳನ್ನು ವಿಸ್ತರಿಸಿದವು. ಒಂದು ದೇಶದಲ್ಲಿ ನೋಂದಾಯಿತವಾದ ಕಾರು ಇನ್ನೊಂದರಲ್ಲಿ ಕೆಲಕಾಲ ಅದೇ ನಂಬರಿನಲ್ಲಿ ಓಡಬಹುದೆಂಬುದಕ್ಕೆ ಆಧಾರ ಈ ಒಪ್ಪಂದಗಳು.

ಸುಂಕದ ಪ್ರಶ್ನೆಯನ್ನು ಬಗೆಹರಿಸಿದ್ದು 1954ರ ಜೂನ್ 4ರಂದು ನ್ಯೂಯಾರ್ಕ್‌ನಲ್ಲಿ ಆದ, ಖಾಸಗಿ ವಾಹನಗಳ ತಾತ್ಕಾಲಿಕ ಆಮದು ಕುರಿತ ಒಪ್ಪಂದ. ಎರಡನೆಯ ಮಹಾಯುದ್ಧದ ನಂತರ ಬೆಳೆದ ಪ್ರವಾಸೋದ್ಯಮವನ್ನು ಗಮನದಲ್ಲಿಟ್ಟು ಮಾಡಿದ ಇದು, ವಾಪಸು ಕೊಂಡೊಯ್ಯುವ ಕಾರಿಗೆ ಸುಂಕ ಬೇಡವೆಂದು ಹೇಳಿತು. ಕಾಯಂ ಆಗಿ ತರುವ ಕಾರಿನ ವಿಷಯ ಆಯಾ ದೇಶದ ವಿವೇಚನೆಗೆ ಉಳಿಯಿತು. ಯುರೋಪಿನಲ್ಲಿ 1983ರ ಮಾರ್ಚ್ 28ರಂದು ಹೊರಟ ಎರಡು ನಿರ್ದೇಶನಗಳು ತಾತ್ಕಾಲಿಕ ಪ್ರವೇಶಕ್ಕೂ ವಾಸ ಬದಲಾಯಿಸುವವರ ಸ್ವಂತ ವಸ್ತುಗಳಿಗೂ ಪ್ರತ್ಯೇಕ ನಿಯಮ ಮಾಡಿದವು. ಅಲ್ಲಿ ಇಂದಿಗೂ ನಡೆಯುತ್ತಿರುವ ಕ್ರಮಕ್ಕೆ ತಳಹದಿ ಹಾಕಿದ್ದು ಅವೇ.

ತಾತ್ಕಾಲಿಕ ಪ್ರವೇಶ ಮತ್ತು ಕಾರ್ನೆ

ಗಡಿಯಾಚೆಗೆ ಕಾರು ಕೊಂಡೊಯ್ಯುವವರು ಸಾಮಾನ್ಯವಾಗಿ ಕೇಳಿರುವ ದಾಖಲೆ ಕಾರ್ನೆ. ಪೂರ್ಣ ಫ್ರೆಂಚ್ ಹೆಸರು ಕಾರ್ನೆ ದೆ ಪಸಾಜ್ ಆಂ ದುವಾನ್. ಇದನ್ನು ಕಾರಿನ ಪಾಸ್‌ಪೋರ್ಟ್ ಎಂದು ಕರೆಯುವ ರೂಢಿಯಿದೆ. ನಿಜದಲ್ಲಿ ಇದೊಂದು ಖಾತರಿ ಪತ್ರ: ಕಾರು ವಾಪಸು ಹೋಗದಿದ್ದರೆ ಸುಂಕ ತುಂಬಿಕೊಡುತ್ತೇವೆಂದು ಆಟೊಮೊಬೈಲ್ ಸಂಘ ಆ ದೇಶದ ಸರ್ಕಾರಕ್ಕೆ ಕೊಡುವ ಮಾತು. ಸಂಘವು ಆ ಮೊತ್ತಕ್ಕೆ ತಕ್ಕ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿಯನ್ನು ಮೊದಲೇ ಮಾಲೀಕರಿಂದ ಪಡೆದಿರುತ್ತದೆ. ಸುಂಕ ಹೆಚ್ಚಿರುವ ದೇಶಕ್ಕೆ ಹೋಗುವುದಾದರೆ ಠೇವಣಿಯೂ ಹೆಚ್ಚು. ಭಾರತದಲ್ಲಿ 1919ರಲ್ಲಿ ಆರಂಭವಾದ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇಂಥ ಕಾರ್ನೆ ಕೊಡುವ ಸಂಸ್ಥೆಗಳಲ್ಲಿ ಒಂದು.

ಕಾರ್ನೆ ಪುಸ್ತಕದ ಪ್ರತಿ ಹಾಳೆಯಲ್ಲಿ ಮೂರು ಭಾಗಗಳಿರುತ್ತವೆ. ಕಾರು ಒಳಬಂದಾಗ ಕಸ್ಟಮ್ಸ್ ಅಧಿಕಾರಿ ಪ್ರವೇಶದ ಚೀಟಿಯನ್ನು ಹರಿದಿಟ್ಟುಕೊಳ್ಳುತ್ತಾನೆ, ಹೊರಹೋಗುವಾಗ ನಿರ್ಗಮನದ ಚೀಟಿಯನ್ನು ತೆಗೆದುಕೊಳ್ಳುತ್ತಾನೆ. ಪುಸ್ತಕದಲ್ಲೇ ಉಳಿಯುವ ಪ್ರತಿಯ ಮೇಲೆ ಎರಡು ಸಲವೂ ಮೊಹರು ಬೀಳುತ್ತದೆ. ಹೊರಹೋದ ಮೊಹರಿಲ್ಲದಿದ್ದರೆ ಕಾರು ಆ ದೇಶದಲ್ಲೇ ಉಳಿದಿದೆ ಎಂದೇ ಲೆಕ್ಕ. ಗಡಿಯ ಗಡಿಬಿಡಿಯಲ್ಲಿ ಒಂದು ಮೊಹರು ಹಾಕಿಸಿಕೊಳ್ಳದೆ ಬಂದವರು ತಿಂಗಳುಗಳ ನಂತರ ಠೇವಣಿ ಬಿಡಿಸಿಕೊಳ್ಳಲು ಪರದಾಡಬೇಕಾಗುತ್ತದೆ.

ಕಾರ್ನೆ ಸಾಮಾನ್ಯವಾಗಿ ಒಂದು ವರ್ಷ ಊರ್ಜಿತ. ಭಾರತದಲ್ಲಿ ಈ ಸೌಲಭ್ಯದಡಿ ಬಂದ ಕಾರನ್ನು ಆರು ತಿಂಗಳೊಳಗೆ ಹೊರಗೊಯ್ಯಬೇಕೆಂಬುದು ಮೂಲ ಷರತ್ತು. ಕಾರು ಓಡಾಡುವ ಬಗೆಗೆ 2022ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ಅದರಂತೆ ಊರ್ಜಿತ ನೋಂದಣಿ ಪತ್ರ, ಚಾಲನಾ ಪರವಾನಗಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಕಾರಿನಲ್ಲಿರಬೇಕು. ಅವು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ದೃಢೀಕರಿಸಿದ ಅನುವಾದ ಬೇಕು. ದೇಶದೊಳಗೆ ಬಾಡಿಗೆಗೆ ಜನ ಅಥವಾ ಸರಕು ಸಾಗಿಸುವಂತಿಲ್ಲ.

ಕಾಯಂ ಆಗಿ ಮರಳುವವರಿಗೆ ಕಾರ್ನೆ ಉಪಯೋಗಕ್ಕೆ ಬರುವುದಿಲ್ಲ. ಹೊರದೇಶದಲ್ಲಿ ವಾಸವಿರುವವರಿಗಷ್ಟೇ ಅದು ಸಲ್ಲುತ್ತದೆ. ರಜೆಗೆ ಬಂದವರು ಕಾರ್ನೆಯಲ್ಲಿ ಕಾರು ತಂದು, ಆಮೇಲೆ ಊರಿನಲ್ಲೇ ಉಳಿಯಲು ತೀರ್ಮಾನಿಸಿದರೆ ಕಾರನ್ನು ಹೊರಗೆ ಕಳಿಸಬೇಕು, ಇಲ್ಲವೇ ಆಮದಿನ ಎಲ್ಲ ಷರತ್ತುಗಳಿಗೂ ಒಳಪಡಿಸಬೇಕು.

ಯುರೋಪಿನ ವಾಸ ಬದಲಾವಣೆ ರಿಯಾಯಿತಿ

ಯುರೋಪಿಯನ್ ಒಕ್ಕೂಟದ 2009ರ 1186ನೇ ನಿಯಮಾವಳಿ ಹೊರಗಿನಿಂದ ಒಕ್ಕೂಟದೊಳಕ್ಕೆ ವಾಸ ಬದಲಾಯಿಸುವವರ ಸ್ವಂತ ವಸ್ತುಗಳಿಗೆ ಆಮದು ಸುಂಕದಿಂದ ವಿನಾಯಿತಿ ಕೊಡುತ್ತದೆ. ಆ ವಸ್ತುಗಳ ವ್ಯಾಖ್ಯೆ ಉದಾರವಾದದ್ದು: ಸೈಕಲ್, ಮೋಟರ್‌ಸೈಕಲ್, ಖಾಸಗಿ ಕಾರು, ಅದರ ಹಿಂದೆ ಎಳೆಯುವ ಟ್ರೇಲರ್, ವಿಹಾರದ ದೋಣಿ, ಖಾಸಗಿ ವಿಮಾನ ಕೂಡ ಇದರಲ್ಲಿ ಸೇರಿವೆ. ಷರತ್ತುಗಳು ನಾಲ್ಕು. ತರುವವರು ಕನಿಷ್ಠ ಹನ್ನೆರಡು ತಿಂಗಳು ಸತತವಾಗಿ ಒಕ್ಕೂಟದ ಹೊರಗೆ ವಾಸವಾಗಿರಬೇಕು. ಕಾರು ಕನಿಷ್ಠ ಆರು ತಿಂಗಳು ಅವರದೇ ಸ್ವಾಧೀನದಲ್ಲಿದ್ದು, ಅಲ್ಲಿಯೇ ಬಳಕೆಯಾಗಿರಬೇಕು. ಹೊಸ ಊರಿನಲ್ಲಿ ನೆಲೆಸಿದ ಹನ್ನೆರಡು ತಿಂಗಳೊಳಗೆ ತರಬೇಕು. ತಂದ ಮೇಲೆ ಹನ್ನೆರಡು ತಿಂಗಳವರೆಗೆ ಮಾರುವುದು, ಬಾಡಿಗೆಗೆ ಕೊಡುವುದು, ಅಡವಿಡುವುದು, ಎರವಲು ಕೊಡುವುದು ಕೂಡದು.

ಆರು ತಿಂಗಳ ಸ್ವಾಧೀನದ ಷರತ್ತು ಹೊರಡುವ ಮುನ್ನ ಅಗ್ಗದ ದೇಶದಲ್ಲಿ ಹೊಸ ಕಾರು ಕೊಂಡು ಸುಂಕವಿಲ್ಲದೆ ತರುವುದನ್ನು ತಡೆಯುತ್ತದೆ. ಮಾರಬಾರದೆಂಬ ಷರತ್ತು ಮನೆಸಾಮಾನಿನ ಹೆಸರಿನಲ್ಲಿ ವ್ಯಾಪಾರವಾಗುವುದನ್ನು ತಡೆಯುತ್ತದೆ. ಈ ವಿನಾಯಿತಿ ಪೌರತ್ವವನ್ನು ನೋಡುವುದಿಲ್ಲ, ವಾಸವನ್ನು ನೋಡುತ್ತದೆ. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ ಜರ್ಮನ್ ಎಂಜಿನಿಯರು ಇಲ್ಲಿ ಕೊಂಡ ಕಾರನ್ನು ಸ್ವದೇಶಕ್ಕೆ ಒಯ್ದರೆ, ಮಾಮೂಲಿನಂತೆ ಕಟ್ಟಬೇಕಾದ ಶೇ. 10 ಆಮದು ಸುಂಕವೂ ಶೇ. 19 ಮೌಲ್ಯವರ್ಧಿತ ತೆರಿಗೆಯೂ ಮಾಫಿಯಾಗಬಹುದು. ಅಲ್ಲಿಗೆ ಹೋಗಿ ನೆಲೆಸುವ ಕನ್ನಡಿಗರಿಗೂ ಇದೇ ನಿಯಮ. ಆದರೆ ಆ ಕಾರು ಜರ್ಮನಿಯ ತಾಂತ್ರಿಕ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಒಕ್ಕೂಟದ ಮಾನದಂಡದಂತೆ ತಯಾರಾದ ಕಾರಿಗೆ ಕಂಪನಿಯ ಅನುಸರಣಾ ಪ್ರಮಾಣಪತ್ರ ಇರುತ್ತದೆ. ಅದಿಲ್ಲದ ಕಾರನ್ನು ತಜ್ಞರು ಬಿಡಿಯಾಗಿ ಪರೀಕ್ಷಿಸಿ ವರದಿ ಕೊಡಬೇಕು. ವೆಚ್ಚ ಏರುವುದು ಈ ಹಂತದಲ್ಲಿ.

ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಆಮದು ಸುಂಕವೇ ಇಲ್ಲ. ಆದರೂ ವಾಸ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ವರ್ಷದಲ್ಲಿ ಕನಿಷ್ಠ 185 ದಿನ ಎಲ್ಲಿರುತ್ತಾರೋ, ಸಂಸಾರ ಮತ್ತು ಉದ್ಯೋಗದ ಸಂಬಂಧ ಎಲ್ಲಿದೆಯೋ ಅದು ವಾಸಸ್ಥಳ. ಹೊರಗಿನ ನಂಬರಿನ ಕಾರನ್ನು ಹನ್ನೆರಡು ತಿಂಗಳಲ್ಲಿ ಆರು ತಿಂಗಳವರೆಗೆ ಮಾತ್ರ ತಾತ್ಕಾಲಿಕವಾಗಿ ಓಡಿಸಬಹುದು. ಐರ್ಲೆಂಡಿನಲ್ಲಿ ವಾಹನ ನೋಂದಣಿಗೆಂದೇ ಪ್ರತ್ಯೇಕ ತೆರಿಗೆಯಿದ್ದು, ಹೆಚ್ಚು ಹೊಗೆಯುಗುಳುವ ಕಾರಿಗೆ ಅದು ಮಾರುಕಟ್ಟೆ ಬೆಲೆಯ ಶೇ. 41ರವರೆಗೂ ಹೋಗುತ್ತದೆ. ವಾಸ ಬದಲಾಯಿಸಿ ಬರುವವರು ಆರು ತಿಂಗಳ ಸ್ವಾಧೀನವನ್ನು ರುಜುವಾತು ಮಾಡಿದರೆ ಈ ತೆರಿಗೆಯಿಂದ ಬಿಡುಗಡೆ ಸಿಗುತ್ತದೆ.

ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟ ಮೇಲೂ ಬಹುಪಾಲು ಇದೇ ಷರತ್ತುಗಳನ್ನು ಉಳಿಸಿಕೊಂಡಿದೆ. ರಿಯಾಯಿತಿಗೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕಾರು ಬಂದ ಹದಿನಾಲ್ಕು ದಿನಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ಆಮೇಲೆ ನೋಂದಣಿಗೆ ಹೋದಾಗ ಹೆಡ್‌ಲೈಟಿನ ದಿಕ್ಕು, ಮೈಲಿಯಲ್ಲಿ ವೇಗ ತೋರಿಸುವ ಮಾಪಕ, ಹಿಂಬದಿಯ ಮಂಜುದೀಪ ಇವುಗಳನ್ನು ಸರಿಪಡಿಸಿರಬೇಕು.

ಸ್ಟೀರಿಂಗ್ ವಿವಾದ: ಪೋಲೆಂಡ್ ಮತ್ತು ಲಿಥುವೇನಿಯ

ಊರಿಗೆ ಮರಳುವವರ ಕಾರಿನ ವಿಷಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋದ ಪ್ರಸಿದ್ಧ ನಿದರ್ಶನ ಪೂರ್ವ ಯುರೋಪಿನದು. 2004ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಲಕ್ಷಾಂತರ ಜನ ದುಡಿಮೆಗಾಗಿ ಬ್ರಿಟನ್ ಮತ್ತು ಐರ್ಲೆಂಡ್‌ಗಳಿಗೆ ಹೋದರು. ಅಲ್ಲಿ ಸಂಚಾರ ರಸ್ತೆಯ ಎಡಬದಿಯಲ್ಲಿ, ಕಾರಿನ ಸ್ಟೀರಿಂಗ್ ಬಲಬದಿಯಲ್ಲಿ. ಊರಿಗೆ ಮರಳಿದವರು ಆ ಕಾರನ್ನು ನೋಂದಾಯಿಸಲು ಹೋದಾಗ ಎರಡೂ ದೇಶಗಳ ಅಧಿಕಾರಿಗಳು ಸ್ಟೀರಿಂಗನ್ನು ಎಡಕ್ಕೆ ಬದಲಾಯಿಸಿಕೊಂಡು ಬರುವಂತೆ ಹೇಳಿದರು. ಹಾಗೆ ಬದಲಾಯಿಸುವುದೆಂದರೆ ಡ್ಯಾಶ್‌ಬೋರ್ಡ್, ಪೆಡಲು, ವೈಪರ್, ಏರ್‌ಬ್ಯಾಗ್ ಎಲ್ಲವನ್ನೂ ಕಳಚಿ ಜೋಡಿಸುವ ಕೆಲಸ. ಹಳೆಯ ಕಾರಿನ ಮಟ್ಟಿಗೆ ಅದರ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು.

ಎರಡೂ ಸರ್ಕಾರಗಳ ವಾದ ಸುರಕ್ಷತೆಯದು. ಬಲಬದಿಯಲ್ಲಿ ಸಾಗುವ ಸಂಚಾರದಲ್ಲಿ ಬಲಬದಿಯಲ್ಲೇ ಕೂತ ಚಾಲಕನಿಗೆ ಮುಂದಿನ ಲಾರಿಯನ್ನು ದಾಟುವಾಗ ಎದುರಿನಿಂದ ಬರುವ ವಾಹನ ಕಾಣಬೇಕಾದರೆ ಕಾರನ್ನು ಅರ್ಧಕ್ಕಿಂತ ಹೆಚ್ಚು ಎದುರು ಪಥಕ್ಕೆ ಇಳಿಸಬೇಕಾಗುತ್ತದೆ. ಎರಡು ಪಥಗಳ ಕಿರಿದಾದ ಹೆದ್ದಾರಿಯಲ್ಲಿ ಇದು ಅಪಾಯ. ಯುರೋಪಿಯನ್ ಆಯೋಗ ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರ ಮಾರ್ಚ್ 20ರಂದು ಈ ವಾದವನ್ನು ತಳ್ಳಿಹಾಕಿತು. ಪ್ರವಾಸಿಗರ ಬಲಬದಿ ಸ್ಟೀರಿಂಗ್ ಕಾರುಗಳು ಅದೇ ರಸ್ತೆಗಳಲ್ಲಿ ಓಡಲು ಅವಕಾಶವಿದೆ. ಒಕ್ಕೂಟದ 22 ದೇಶಗಳು ಇಂಥ ಕಾರುಗಳ ನೋಂದಣಿಯನ್ನು ಒಪ್ಪಿವೆ ಅಥವಾ ಸಹಿಸಿವೆ. ಅಪಾಯ ತಗ್ಗಿಸಲು ಇದಕ್ಕಿಂತ ಸೌಮ್ಯವಾದ ಮಾರ್ಗಗಳಿವೆ. ಆದುದರಿಂದ ಸ್ಟೀರಿಂಗ್ ಬದಲಾಯಿಸಲೇಬೇಕೆಂಬ ಷರತ್ತು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ತೀರ್ಪಾಯಿತು. ಸುರಕ್ಷತೆಯ ಕಾಳಜಿಯನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆ ಕಾಳಜಿಗೆ ಹಾಕಿದ ಷರತ್ತು ಅಗತ್ಯಕ್ಕಿಂತ ಭಾರವಾಯಿತೆಂದಿತು.

ಅಮೆರಿಕ, ಕೆನಡ, ಆಸ್ಟ್ರೇಲಿಯ

ಅಮೆರಿಕದಲ್ಲಿ ತಯಾರಿಕೆಯಾಗಿ 25 ವರ್ಷ ತುಂಬದ ಕಾರು ಅಲ್ಲಿನ ಒಕ್ಕೂಟ ಸರ್ಕಾರದ ಸುರಕ್ಷತಾ ಮಾನದಂಡಗಳಿಗೆ ಅನುಗುಣವಾಗಿರಲೇಬೇಕು. 1988ರ ಕಾನೂನು ಇದನ್ನು ಬಿಗಿಗೊಳಿಸಿತು. ಮಾಲಿನ್ಯ ನಿಯಮದ ವಯೋಮಿತಿ 21 ವರ್ಷ. ಮಾನದಂಡಕ್ಕೆ ಹೊಂದದ ಕಾರನ್ನು ನೋಂದಾಯಿತ ಆಮದುದಾರರ ಮೂಲಕವೇ ತರಿಸಿ, ಸುಂಕಾರ್ಹ ಮೌಲ್ಯದ ಒಂದೂವರೆ ಪಟ್ಟು ಬಾಂಡ್ ಇಟ್ಟು, ಮಾರ್ಪಡಿಸಬೇಕು. ಆದ್ದರಿಂದ ಯುರೋಪಿನಲ್ಲಿ ಕೆಲವು ವರ್ಷವಿದ್ದು ಮರಳುವ ಅಮೆರಿಕನ್ನರು ಮೊದಲು ನೋಡುವುದು ಚಾಲಕನ ಬಾಗಿಲಂಚಿನ ಸ್ಟಿಕ್ಕರನ್ನು. ಅಮೆರಿಕದ ಮಾನದಂಡದಂತೆ ತಯಾರಾದದ್ದೆಂದು ಅದರಲ್ಲಿ ಬರೆದಿದ್ದರೆ ಮುಂದಿನ ದಾರಿ ಸಲೀಸು. ಅಮೆರಿಕದಿಂದಲೇ ಒಯ್ದಿದ್ದ ಕಾರನ್ನು ವಾಪಸು ತರುವವರಿಗೆ ಹಳೆಯ ನೋಂದಣಿ ಪತ್ರವೇ ದೊಡ್ಡ ಆಧಾರ.

ಕೆನಡದ ವಯೋಮಿತಿ 15 ವರ್ಷ. ಅಮೆರಿಕದ ಮಾನದಂಡದ ಕಾರುಗಳಿಗೆ ಪ್ರತ್ಯೇಕ ನೋಂದಣಿ ಕಾರ್ಯಕ್ರಮವಿದೆ; ಬೇರೆ ದೇಶಗಳಿಗೆಂದು ತಯಾರಾದ, 15 ವರ್ಷ ತುಂಬದ ಕಾರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಆಸ್ಟ್ರೇಲಿಯದಲ್ಲಿ ವೈಯಕ್ತಿಕ ಆಮದಿನ ಮಾರ್ಗ ಬೇಕಾದವರು ಕಾರನ್ನು ಹೊರದೇಶದಲ್ಲಿ ಕನಿಷ್ಠ ಹನ್ನೆರಡು ತಿಂಗಳು ಹೊಂದಿದ್ದು ಬಳಸಿರಬೇಕು, ಹಡಗಿಗೆ ಹಾಕುವ ಮೊದಲೇ ಅನುಮತಿ ಪಡೆದಿರಬೇಕು. ಅಲ್ಲಿ ಎರಡು ವಿಶೇಷ ತಪಾಸಣೆಗಳಿವೆ. ಒಂದು ಕಲ್ನಾರಿನದು: 2003ರ ಕೊನೆಯಿಂದ ಕಲ್ನಾರು ಪೂರ್ಣ ನಿಷಿದ್ಧವಾಗಿರುವುದರಿಂದ ಹಳೆಯ ಕಾರಿನ ಬ್ರೇಕ್ ಪ್ಯಾಡು, ಗ್ಯಾಸ್ಕೆಟ್‌ಗಳಲ್ಲಿ ಅದಿಲ್ಲವೆಂದು ತೋರಿಸಬೇಕು. ಇನ್ನೊಂದು ಕೃಷಿಗೆ ಕಂಟಕವಾದ ಒಂದು ಜಾತಿಯ ತಿಗಣೆಯದು: ಅದರ ಹಾವಳಿಯಿರುವ ದೇಶಗಳಿಂದ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಬರುವ ಸರಕಿಗೆ ಹೊಗೆ ಅಥವಾ ಶಾಖದ ಉಪಚಾರ ಕಡ್ಡಾಯ.

ನೆರೆಯ ಪಾಕಿಸ್ತಾನದ ಅನುಭವ ಬೇರೆ ಬಗೆಯದು. ಹೊರದೇಶದಲ್ಲಿರುವ ಪ್ರಜೆಗಳಿಗಾಗಿ ಅಲ್ಲಿ ಸ್ವಂತ ಸಾಮಾನು, ಉಡುಗೊರೆ, ವಾಸ ಬದಲಾವಣೆ ಎಂಬ ಮೂರು ಯೋಜನೆಗಳನ್ನು ಮಾಡಲಾಯಿತು. ಜಪಾನಿನ ಬಳಸಿದ ಕಾರುಗಳ ವ್ಯಾಪಾರ ಬಹುಮಟ್ಟಿಗೆ ಈ ಯೋಜನೆಗಳ ಮರೆಯಲ್ಲೇ ಬೆಳೆಯಿತು. ವಲಸಿಗರ ಪಾಸ್‌ಪೋರ್ಟ್ ಹೆಸರಿಗೆ ಮಾತ್ರ, ಕಾರು ಅಂಗಡಿಯದು. ವಾಸ ಬದಲಾವಣೆಯ ರಿಯಾಯಿತಿಗೆ ಸರ್ಕಾರಗಳು ಇಷ್ಟೊಂದು ಷರತ್ತು ಹಾಕುವುದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಭಾರತದಲ್ಲಿ

1962ರ ಸೀಮಾಸುಂಕ ಕಾಯ್ದೆಯ 2ನೇ ಕಲಮಿನಲ್ಲಿ ಪ್ರಯಾಣಿಕರ ಸಾಮಾನಿನ ವ್ಯಾಖ್ಯೆಯಿದೆ. ಹಿಂದಿನಿಂದ ಪ್ರತ್ಯೇಕವಾಗಿ ಬರುವ ಸಾಮಾನು ಅದರಲ್ಲಿ ಸೇರುತ್ತದೆ, ಮೋಟಾರು ವಾಹನ ಸೇರುವುದಿಲ್ಲ. ಹೊರದೇಶದಿಂದ ಮರಳುವವರಿಗೆ ಫ್ರಿಜ್, ಟಿವಿ, ಪೀಠೋಪಕರಣಗಳ ಮೇಲೆ ವಾಸ ಬದಲಾವಣೆಯ ರಿಯಾಯಿತಿ ಸಿಗುತ್ತದೆ. ಕಾರಿಗೆ ಸಿಗದಿರುವುದಕ್ಕೆ ಕಾರಣ ಈ ಒಂದು ವಾಕ್ಯ. ಸುಂಕದ ದೃಷ್ಟಿಯಲ್ಲಿ ಊರಿಗೆ ಮರಳುವವರ ಸ್ವಂತ ಕಾರೂ ವ್ಯಾಪಾರಿ ತರಿಸುವ ಕಾರೂ ಒಂದೇ.

ಇದಕ್ಕೆ ಹಿನ್ನೆಲೆಯಿದೆ. ಪರವಾನಗಿ ಯುಗದಲ್ಲಿ ವಿದೇಶಿ ಕಾರು ಅಪರೂಪದ ವಸ್ತು. 1956ರಲ್ಲಿ ಸ್ಥಾಪಿತವಾದ ರಾಜ್ಯ ವ್ಯಾಪಾರ ನಿಗಮ ವಿದೇಶಿ ರಾಯಭಾರಿಗಳೂ ಇತರ ವಿದೇಶಿಯರೂ ಬಿಟ್ಟುಹೋಗುವ ಕಾರುಗಳನ್ನು ಕೊಂಡು ಹರಾಜು ಹಾಕುತ್ತಿತ್ತು. 2001ರ ಏಪ್ರಿಲ್ 1ರಿಂದ 715 ಬಗೆಯ ವಸ್ತುಗಳ ಮೇಲಿನ ಪರಿಮಾಣ ನಿರ್ಬಂಧ ತೆರವಾದಾಗ ಬಳಸಿದ ಕಾರುಗಳ ಆಮದಿಗೂ ದಾರಿಯಾಯಿತು. ದೇಶದ ಕಾರು ಉದ್ಯಮದ ಆತಂಕ ಶಮನಗೊಳಿಸಲು ಅದೇ ಹೊತ್ತಿಗೆ ಕಠಿಣ ಷರತ್ತುಗಳನ್ನೂ ಭಾರಿ ಸುಂಕವನ್ನೂ ಹಾಕಲಾಯಿತು. ಆ ಚೌಕಟ್ಟು ಬಹುಪಾಲು ಹಾಗೆಯೇ ಮುಂದುವರಿದಿದೆ.

ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಂತೆ, ಬರುವ ಮುನ್ನ ಮಾರಾಟವಾದ, ಗುತ್ತಿಗೆಗೆ ಕೊಟ್ಟ ಅಥವಾ ಯಾವುದೇ ದೇಶದಲ್ಲಿ ನೋಂದಾಯಿತವಾದ ಕಾರು ಬಳಸಿದ ಕಾರು. ಶೋರೂಮಿನಿಂದ ಹೊರತಂದು ಒಂದು ವಾರ ಓಡಿಸಿದ್ದರೂ ಸರಿ, ನಂಬರು ಬಿದ್ದ ಮೇಲೆ ಅದು ಹೊಸದಲ್ಲ. ಇಂಥ ಕಾರಿಗೆ ಮುಖ್ಯ ಷರತ್ತುಗಳು ಹೀಗಿವೆ: ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಬದಿಯಲ್ಲಿರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು, ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯವಾಗಿರಬೇಕು, ಬಿಡಿಭಾಗ ಮತ್ತು ದುರಸ್ತಿಯ ವ್ಯವಸ್ಥೆಗೆ ಭರವಸೆ ಬೇಕು. ಹಡಗಿಗೆ ಹಾಕುವ ಮುನ್ನ ಒಂದು ತಪಾಸಣಾ ಪತ್ರ, ಬಂದರಿಗೆ ಬಂದ ಮೇಲೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ. ಬಳಸಿದ ಕಾರು ಮುಂಬೈ ಬಂದರಿನ ಮೂಲಕವೇ ಬರಬೇಕು. ನವಮಂಗಳೂರು ಬಂದರಿನ ಪಕ್ಕದಲ್ಲೇ ಮನೆಯಿದ್ದವರೂ ಕಾರನ್ನು ಮುಂಬೈಯಲ್ಲಿ ಇಳಿಸಿಕೊಂಡು ಹೆದ್ದಾರಿ 66ರಲ್ಲಿ ಕರಾವಳಿಗುಂಟ ಇಳಿದು ಬರಬೇಕು.

ಸ್ಟೀರಿಂಗಿನ ಷರತ್ತು ಕನ್ನಡಿಗರ ಮಟ್ಟಿಗೆ ಬಹಳ ದೊಡ್ಡದು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಜನ ದುಡಿಯಲು ಹೋಗುವ ದುಬೈ, ಕತಾರ್, ಸೌದಿ, ಕುವೈತ್‌ಗಳಲ್ಲಾಗಲಿ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಹೋಗುವ ಅಮೆರಿಕ, ಕೆನಡ, ಜರ್ಮನಿಗಳಲ್ಲಾಗಲಿ ಸ್ಟೀರಿಂಗ್ ಎಡಕ್ಕೆ. ಅಲ್ಲಿನ ಕಾರು ಮೊದಲ ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಬ್ರಿಟನ್, ಐರ್ಲೆಂಡ್, ಸಿಂಗಪುರ, ಮಲೇಷ್ಯ, ಜಪಾನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೀನ್ಯಾ, ದಕ್ಷಿಣ ಆಫ್ರಿಕಗಳಿಂದ ಮರಳುವವರಿಗೆ ಮಾತ್ರ ಈ ಲೆಕ್ಕ ಮುಂದುವರಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆ ಎಡಬದಿ ಸ್ಟೀರಿಂಗನ್ನು ಪೂರ್ತಿ ನಿಷೇಧಿಸಿಲ್ಲ. 120ನೇ ಕಲಮು ಅಂಥ ವಾಹನದಲ್ಲಿ ನಿಗದಿತ ಸಂಕೇತ ಸಾಧನ ಇರಬೇಕೆಂದಷ್ಟೇ ಹೇಳುತ್ತದೆ. ಅಡ್ಡಿಯಿರುವುದು ಆಮದು ನೀತಿಯಲ್ಲಿ.

ಸುಂಕದ ಲೆಕ್ಕ

ಬಳಸಿದ ಕಾರಿನ ಮೇಲಿನ ಮೂಲ ಸೀಮಾಸುಂಕ 2013ರಿಂದ ಶೇ. 125 ಇತ್ತು, ಅದರ ಮೇಲೆ ಮೇಲ್ತೆರಿಗೆ ಬೇರೆ. 2025ರ ಬಜೆಟ್ ಮೂಲ ಸುಂಕವನ್ನು ಶೇ. 70ಕ್ಕೆ ಇಳಿಸಿತು. ಪತ್ರಿಕೆಗಳ ಶೀರ್ಷಿಕೆ ನೋಡಿ ಹಿಗ್ಗಿದವರಿಗೆ ಕೆಳಗಿನ ಸಾಲು ಕಾಣಲಿಲ್ಲ: ಕೃಷಿ ಮೂಲಸೌಕರ್ಯ ಸೆಸ್ ಎಂದು ಶೇ. 67.5 ಸೇರಿಸಿ ಒಟ್ಟು ಭಾರವನ್ನು ಹಿಂದಿನಷ್ಟೇ, ಅಂದರೆ ಶೇ. 137.5ರಲ್ಲೇ ನಿಲ್ಲಿಸಲಾಗಿತ್ತು.

ಇದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ. 18, ದೊಡ್ಡ ಕಾರುಗಳಿಗೆ ಶೇ. 40, ವಿದ್ಯುತ್ ಕಾರುಗಳಿಗೆ ಶೇ. 5 ದರವಿದೆ. ಕಾರಿನ ಮೌಲ್ಯ 10 ಲಕ್ಷ ರೂಪಾಯಿ ಎಂದು ಕಸ್ಟಮ್ಸ್ ನಿರ್ಧರಿಸಿತೆಂದುಕೊಳ್ಳೋಣ. ಸುಂಕ ಮತ್ತು ಸೆಸ್ ಸೇರಿ 13.75 ಲಕ್ಷ. ಜಿಎಸ್‌ಟಿಯನ್ನು ಕಾರಿನ ಮೌಲ್ಯಕ್ಕೆ ಇದನ್ನು ಕೂಡಿಸಿದ ಮೊತ್ತವಾದ 23.75 ಲಕ್ಷದ ಮೇಲೆ ಲೆಕ್ಕ ಹಾಕುವುದರಿಂದ, ಶೇ. 40ರಂತೆ 9.5 ಲಕ್ಷ. ಹತ್ತು ಲಕ್ಷದ ಕಾರಿಗೆ ತೆರಿಗೆಯೇ 23.25 ಲಕ್ಷ, ಬಂದರಿನಿಂದ ಹೊರಬೀಳುವಾಗ ಅದರ ಬೆಲೆ 33.25 ಲಕ್ಷ. ಮೌಲ್ಯ ನಿರ್ಧಾರಕ್ಕೆ ಮಾಲೀಕರು ಕೊಟ್ಟ ರಸೀದಿಯೊಂದೇ ಸಾಲದು. ಆ ಮಾದರಿಯ ಹೊಸ ಕಾರಿನ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಸಾಗಣೆ ಮತ್ತು ವಿಮೆಯ ವೆಚ್ಚ ಕೂಡಿಸುವ ರೂಢಿಯಿದೆ. ಸ್ನೇಹಿತರಿಂದ ಅಗ್ಗಕ್ಕೆ ಕೊಂಡಿದ್ದರೂ ಸುಂಕ ಅಗ್ಗವಾಗದು.

ಈ ಭಾರ ಎಷ್ಟೆಂಬುದು ಜನಸಾಮಾನ್ಯರಿಗೆ ತಿಳಿದದ್ದು ಒಂದು ಉಡುಗೊರೆಯ ಕಾರಿನಿಂದ. ಕ್ರಿಕೆಟಿಗ ಸಚಿನ್ ತೆಂಡೂಲ್ಕರ್ ಅವರಿಗೆ ಬಂದ ಫೆರಾರಿಗೆ 2003ರಲ್ಲಿ ಸರ್ಕಾರ ಸುಮಾರು 1.13 ಕೋಟಿ ರೂಪಾಯಿ ಸುಂಕ ಮಾಫಿ ಮಾಡಲು ಹೊರಟಾಗ ಆಕ್ಷೇಪ ಎದ್ದು ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಆ ಸುಂಕವನ್ನು ಭರಿಸಿದ್ದು ಫಿಯಟ್ ಕಂಪನಿ.

ನೋಂದಣಿ

ಸುಂಕ ಕಟ್ಟಿದ ರಸೀದಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳೊಂದಿಗೆ ಮಾಲೀಕರು ಆರ್‌ಟಿಓ ಕಚೇರಿಗೆ ಹೋಗಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ಮಾಲಿನ್ಯ ಮಾನದಂಡಕ್ಕೂ ಕಾರು ಹೊಂದಬೇಕು. ಹೊರದೇಶದ ವಿಮೆ ಇಲ್ಲಿ ನಡೆಯದು. ಮೂರನೆಯವರ ಹಾನಿಗೆ ವಿಮೆ ಇಲ್ಲಿಯೇ ಮಾಡಿಸಬೇಕು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಬೆಲೆಯ ಶೇ. 18, ಅದರ ಮೇಲೆ ಸೆಸ್. ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇದೇ ಪ್ರಶ್ನೆಯ ಕಿರು ರೂಪ ರಾಜ್ಯಗಳ ನಡುವೆಯೂ ಇದೆ. ಪುಣೆಯಲ್ಲಿ ಕಾರು ಕೊಂಡು ಹುಬ್ಬಳ್ಳಿಗೆ ಮರಳಿದವರು ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಹನ್ನೆರಡು ತಿಂಗಳು ಮೀರುವ ಮುನ್ನ ಇಲ್ಲಿನ ನಂಬರಿಗೆ ಅರ್ಜಿ ಹಾಕಿ, ರಸ್ತೆ ತೆರಿಗೆ ಕಟ್ಟಬೇಕು. ಮೇಲಿಂದ ಮೇಲೆ ವರ್ಗವಾಗುವ ನೌಕರರಿಗಾಗಿ 2021ರ ಸೆಪ್ಟೆಂಬರ್‌ನಿಂದ ಬಂದ ‘ಬಿಎಚ್’ ಸರಣಿಯ ನಂಬರು ಈ ತಾಪತ್ರಯವನ್ನು ತಪ್ಪಿಸುತ್ತದೆ.

ಅಕ್ರಮ ಮಾರ್ಗಗಳು

ಸುಂಕ ಹೆಚ್ಚಿದಷ್ಟೂ ಕಳ್ಳದಾರಿಯ ಆಕರ್ಷಣೆ ಹೆಚ್ಚು. ಕಾರ್ನೆಯಲ್ಲಿ ಬಂದ ಕಾರನ್ನು ವಾಪಸು ಕಳಿಸದಿರುವುದು, ರಾಯಭಾರಿಗಳಿಗಿರುವ ಸುಂಕ ವಿನಾಯಿತಿಯ ಹೆಸರಿನಲ್ಲಿ ತರಿಸುವುದು, ತಯಾರಿಕೆಯ ವರ್ಷ ತಿದ್ದುವುದು ಹಳೆಯ ಉಪಾಯಗಳು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿ, ಭೂತಾನ್ ಮಾರ್ಗವಾಗಿ ಅಕ್ರಮವಾಗಿ ಬಂದವೆಂದು ಶಂಕಿಸಿದ ಕಾರುಗಳನ್ನು ವಶಕ್ಕೆ ಪಡೆದರು. ಸೀಮಾಸುಂಕ ಕಾಯ್ದೆಯ 111ನೇ ಕಲಮಿನಂತೆ ಅಕ್ರಮವಾಗಿ ಬಂದ ವಾಹನವನ್ನೇ ಜಪ್ತಿ ಮಾಡಬಹುದು. ಆದ್ದರಿಂದ ವಿದೇಶಿ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವವರು ಆರ್‌ಸಿ ನೋಡಿದರೆ ಸಾಲದು, ಸುಂಕ ಕಟ್ಟಿದ ಮೂಲ ದಾಖಲೆಯನ್ನೂ ನೋಡಬೇಕು.

ಸಾಗಣೆ

ಕಾರನ್ನು ಹಡಗಿನಲ್ಲಿ ಎರಡು ಬಗೆಯಲ್ಲಿ ಕಳಿಸಬಹುದು. ರೋರೋ ಹಡಗಿಗೆ ಕಾರನ್ನು ಓಡಿಸಿಕೊಂಡೇ ಹೋಗಿ ನಿಲ್ಲಿಸಿ ಕಟ್ಟುತ್ತಾರೆ. ಇದು ಅಗ್ಗ; ಆದರೆ ಒಳಗೆ ಮನೆಸಾಮಾನು ತುಂಬಲು ಸಾಮಾನ್ಯವಾಗಿ ಬಿಡುವುದಿಲ್ಲ. ಇನ್ನೊಂದು ಕಂಟೇನರು: ಇಪ್ಪತ್ತು ಅಡಿಯದರಲ್ಲಿ ಒಂದು ಕಾರು ಹಿಡಿಯುತ್ತದೆ, ನಲವತ್ತು ಅಡಿಯದರಲ್ಲಿ ಕಾರಿನೊಂದಿಗೆ ಮನೆಸಾಮಾನನ್ನೂ ಇಡಬಹುದು. ಚಕ್ರಗಳಿಗೆ ಮರದ ಅಡ್ಡಗಟ್ಟೆ ಹೊಡೆದು, ಪಟ್ಟಿಯಿಂದ ಬಿಗಿದು, ಬ್ಯಾಟರಿಯ ಸಂಪರ್ಕ ತೆಗೆಯುತ್ತಾರೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂಧನ ಇರಬಾರದು. ಕಾರಿನ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ ಹಡಗಿನ ದಾಖಲೆ, ನೋಂದಣಿ ಪತ್ರ ಮತ್ತು ರಸೀದಿ ಮೂರರಲ್ಲೂ ಒಂದೇ ಆಗಿರಬೇಕು. ಒಂದು ಅಂಕಿ ತಪ್ಪಿದರೂ ಕಾರು ಬಂದರಿನಲ್ಲಿ ನಿಂತು ದಿನದಿನಕ್ಕೂ ಬಾಡಿಗೆ ಏರುತ್ತದೆ.

ಸಮುದ್ರ ವಿಮೆಯನ್ನು ಉಳಿತಾಯದ ಬಾಬತ್ತೆಂದು ಬಿಡುವುದು ಅಪಾಯ. 2022ರ ಫೆಬ್ರವರಿಯಲ್ಲಿ ಸುಮಾರು 4,000 ಕಾರು ಹೊತ್ತ ಫೆಲಿಸಿಟಿ ಏಸ್ ಹಡಗಿಗೆ ಅಟ್ಲಾಂಟಿಕ್‌ನಲ್ಲಿ ಬೆಂಕಿ ಬಿದ್ದು, ಮಾರ್ಚ್ 1ರಂದು ಅಜೋರ್ಸ್ ದ್ವೀಪಗಳ ಬಳಿ ಅದು ಮುಳುಗಿತು. ಹಡಗು ಉಳಿಸಲು ಕೆಲವರ ಸರಕನ್ನು ಬಲಿಕೊಡಬೇಕಾಗಿ ಬಂದರೆ ಆ ನಷ್ಟವನ್ನು ಎಲ್ಲ ಸರಕಿನ ಮಾಲೀಕರೂ ಹಂಚಿಕೊಳ್ಳಬೇಕೆಂಬುದು ಹಳೆಯ ಸಮುದ್ರ ಕಾನೂನು. ಕಾರು ಸುರಕ್ಷಿತವಾಗಿ ಬಂದರೂ ಹಣ ಕಟ್ಟಬೇಕಾದ ಈ ಸಂದರ್ಭದಲ್ಲಿ ವಿಮೆಯೇ ಆಸರೆ.

ತಾಂತ್ರಿಕ ಹೊಂದಾಣಿಕೆ

ನಿಯಮಗಳಲ್ಲಿ ಹೆಡ್‌ಲೈಟಿಗೆ ಅಷ್ಟು ಮಹತ್ವ ಕೊಡಲು ಕಾರಣವಿದೆ. ಡಿಮ್ ಬೆಳಕು ಎರಡು ಬದಿಗೂ ಸಮವಾಗಿರುವುದಿಲ್ಲ. ರಸ್ತೆಯಂಚಿನ ಕಡೆ ಮೇಲೆದ್ದು ಪಾದಚಾರಿಗಳನ್ನೂ ಫಲಕಗಳನ್ನೂ ತೋರಿಸುತ್ತದೆ, ಎದುರು ವಾಹನದ ಕಡೆ ತಗ್ಗಿರುತ್ತದೆ. ಬಲಬದಿಯ ಸಂಚಾರಕ್ಕೆಂದು ಮಾಡಿದ ದೀಪ ನಮ್ಮ ರಸ್ತೆಯಲ್ಲಿ ಮೇಲೆದ್ದ ಬೆಳಕನ್ನು ನೇರವಾಗಿ ಎದುರಿನವರ ಕಣ್ಣಿಗೆ ಹಾಯಿಸುತ್ತದೆ. ಅಮೆರಿಕದ ಕೆಲವು ಕಾರುಗಳಲ್ಲಿ ಹಿಂಬದಿಯ ತಿರುವು ಸೂಚಕ ಕೆಂಪಾಗಿರುತ್ತದೆ. ಬಹುತೇಕ ಬೇರೆ ದೇಶಗಳು ಕೇಳುವುದು ಕಿತ್ತಳೆ ಬಣ್ಣ. ಜಪಾನಿನ ಕಾರಿನ ರೇಡಿಯೊ 76ರಿಂದ 95 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿಯುವುದರಿಂದ ಇಲ್ಲಿನ ಹಲವು ಎಫ್‌ಎಂ ಕೇಂದ್ರಗಳು ಅದರಲ್ಲಿ ಬರುವುದಿಲ್ಲ. ಭಾರತದಲ್ಲಿ ಈಗ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ವ್ಯಾಪಕವಾಗಿದೆ. ತಂದ ಕಾರಿನ ಎಂಜಿನ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಕಂಪನಿಗಳ ವಾರಂಟಿ ಸಾಮಾನ್ಯವಾಗಿ ಮಾರಿದ ಪ್ರದೇಶಕ್ಕೆ ಸೀಮಿತ. ಇಲ್ಲಿ ಮಾರದ ಮಾದರಿಯಾದರೆ ಒಂದು ಬಂಪರಿಗೂ ವಾರಗಟ್ಟಲೆ ಕಾಯಬೇಕು.

ತರುವುದೋ ಮಾರುವುದೋ

ಕಾರನ್ನು ಮನೆಸಾಮಾನೆಂದು ಒಪ್ಪುವ ದೇಶಗಳಿಗೆ ಮರಳುವವರು ಸಾಗಣೆ ಮತ್ತು ತಪಾಸಣೆಯ ಖರ್ಚನ್ನು ಕಾರಿನ ಬೆಲೆಯೊಂದಿಗೆ ತೂಗಿ ನೋಡಿದರೆ ಸಾಕು. ಹೊಸದಾದ, ಆ ದೇಶದ ಮಾನದಂಡದ ಕಾರಾದರೆ ತರುವುದು ಲಾಭ. ಭಾರತಕ್ಕೆ ಮರಳುವವರ ಲೆಕ್ಕ ಬೇರೆ. ಮೂರು ವರ್ಷದ ಮಿತಿ, ಬಲಬದಿ ಸ್ಟೀರಿಂಗ್, ದೊಡ್ಡ ಕಾರಾದರೆ ಬೆಲೆಯ ಎರಡು ಪಟ್ಟನ್ನೂ ಮೀರುವ ತೆರಿಗೆ ಇವು ಮೂರೂ ಸೇರಿದಾಗ, ಅದೇ ಹಣಕ್ಕೆ ಬೆಂಗಳೂರಿನ ಶೋರೂಮಿನಲ್ಲಿ ವಾರಂಟಿಯೊಂದಿಗೆ ಹೊಸ ಕಾರು ಸಿಗುತ್ತದೆ. ಆದ್ದರಿಂದ ಬಹುತೇಕರು ಅಲ್ಲಿಯೇ ಮಾರಿ ಬರುತ್ತಾರೆ. ಸಿಂಗಪುರದಂಥ ಕಡೆ, ನೋಂದಣಿ ರದ್ದುಪಡಿಸಿದ ಕಾರಿಗೆ ವಯಸ್ಸಿನ ಪ್ರಕಾರ ಸರ್ಕಾರ ಹಣ ಹಿಂತಿರುಗಿಸುವ ಕ್ರಮವೂ ಇರುವುದರಿಂದ, ಹೊರಡುವ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳುವವರಿದ್ದಾರೆ. ಮಾರುವವರು ಮರೆಯಬಾರದ ಕೆಲಸಗಳು ಎರಡು: ನೋಂದಣಿಯನ್ನು ತಮ್ಮ ಹೆಸರಿನಿಂದ ತೆಗೆಸಿದ್ದಕ್ಕೆ ದಾಖಲೆ ಪಡೆಯುವುದು, ಅಪಘಾತರಹಿತ ಚಾಲನೆಗೆ ವಿಮಾ ಕಂಪನಿಯಿಂದ ಪ್ರಮಾಣಪತ್ರ ತರುವುದು. ಮೊದಲನೆಯದು ಊರಿಗೆ ಬಂದ ಮೇಲೆ ಇನ್ನೊಬ್ಬರ ದಂಡದ ಚೀಟಿ ತಮ್ಮ ಹೆಸರಿಗೆ ಬರುವುದನ್ನು ತಪ್ಪಿಸುತ್ತದೆ. ಎರಡನೆಯದು ಹೊಸ ಕಾರಿನ ವಿಮೆ ಮಾಡಿಸುವಾಗ ರಿಯಾಯಿತಿ ಕೇಳಲು ಆಧಾರವಾಗಬಹುದು.